ಪದ ಬೇಕಿದೆ: ಹಳೇ ವಾಚಿನ ‘ರೇಡಿಯಂ’ಗೆ ಏನನ್ನೋಣ? (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ.

ಒಂದು ಬೋರ್ಡು ಬರೆಸಬೇಕು. ಭಾನುವಾರ ನಾವು ನಾಲ್ಕೈದು ಜನ ಸೇರಿ ಹಳೇ ಕೈಗಡಿಯಾರ ರಿಪೇರಿ ಕಲಿಸುವ ಚಿಕ್ಕ ಶಿಬಿರ ಇಟ್ಟುಕೊಂಡಿದ್ದೇವೆ. ಬರುವವರು ಮನೆಯಲ್ಲಿ ಬಿದ್ದಿರುವ ವಾಚು ತರುತ್ತಾರೆ. ಜಾಸ್ತಿ ಬರುವುದು ಎಚ್‌ಎಂಟಿ ಜನತಾ. ಕೆಲವರು ಮಾತ್ರ ಅಜ್ಜನ ಕಾಲದ ಸ್ವಿಸ್ ವಾಚು, ವೆಸ್ಟ್ ಎಂಡ್ ಅಂಥವು, ತರುತ್ತೇವೆ ಅಂದಿದ್ದಾರೆ.

ತಲೆನೋವು ಇರುವುದು ಅಲ್ಲೇ. 1940ರ ಹೊತ್ತಿನ ಎಷ್ಟೋ ವಾಚುಗಳಲ್ಲಿ ಅಂಕಿ, ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯಲಿ ಅಂತ ಬಳಿದ ಬಣ್ಣದಲ್ಲಿ ನಿಜವಾದ ರೇಡಿಯಂ ಇರುತ್ತದೆ. ಈಗ ಅದು ಹೊಳೆಯುವುದಿಲ್ಲ. ಕಂದುಬಣ್ಣಕ್ಕೆ ತಿರುಗಿ ಪುಡಿಯಾಗಿರುತ್ತದೆ. ಕೊಳೆ ಅಂದುಕೊಂಡು ಬ್ಲೇಡಿನಲ್ಲಿ ಕೆರೆಯುವವರಿದ್ದಾರೆ.

‘ರೇಡಿಯಂ ಕೆರೆಯಬೇಡಿ’ ಅಂತ ಬರೆದು ಮನೆಯಲ್ಲಿ ತೋರಿಸಿದೆ. ಮಗಳು, “ಯಾಕೆ, ಸ್ಟಿಕರ್ ಹಾಳಾಗುತ್ತಾ?” ಅಂದಳು. ಅವಳದೇನೂ ತಪ್ಪಿಲ್ಲ. ನಮ್ಮೂರಲ್ಲಿ ರೇಡಿಯಂ ಅಂದರೆ ಆಟೋ ಹಿಂದೆ ಅಂಟಿಸುವ ಮಿಂಚುವ ಹಾಳೆ. ಹಾಗಾದರೆ ಬೋರ್ಡಿಗೆ ಯಾವ ಪದ?

ಎರಡನೆಯದು ಚಿಕ್ಕದು. ಹಿಂಬದಿಯಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಅಂತ ಕೆತ್ತಿದ್ದರೆ ಜನ ಇಡೀ ವಾಚೇ ಸ್ಟೀಲು ಅಂದುಕೊಳ್ಳುತ್ತಾರೆ. ಸ್ಟೀಲು ಇರುವುದು ಮುಚ್ಚಳ ಮಾತ್ರ, ಉಳಿದದ್ದು ಹಿತ್ತಾಳೆ, ಮೇಲೊಂದು ಕ್ರೋಮಿನ ಪದರ. ಇದನ್ನು ಒಂದೇ ಮಾತಿನಲ್ಲಿ ಹೇಳುವುದು ಹೇಗೆ?

– ಜಾಲಹಳ್ಳಿಯಿಂದ

*

‘ದೀಪ್ತಿವರ್ಣ’. ಇದರಲ್ಲಿ ಚರ್ಚೆಗೇನಿದೆ?

– ಮೈಸೂರು

*

ದೀಪ್ತಿವರ್ಣ ಅಂದರೆ ನನ್ನ ಗಿರಾಕಿ ಸೀರೆ ಅಂಗಡಿಗೆ ಹೋಗುತ್ತಾನೆ ಸ್ವಾಮಿ.

ಎರಡನೇ ಪ್ರಶ್ನೆ ಮೊದಲು ಮುಗಿಸುತ್ತೇನೆ. ಅದಕ್ಕೆ ‘ಗಿಲೀಟು’ ಅನ್ನಿ. ‘ಹಿತ್ತಾಳೆ ಮೇಲೆ ಕ್ರೋಮ್ ಗಿಲೀಟು’. ಅಂಗಡಿಯಲ್ಲಿ ನಾವು ಅನ್ನುತ್ತಿದ್ದದ್ದು ಅದೇ. ಗುರುತು ಹಿಡಿಯುವುದೂ ಸುಲಭ. ಬೆಲ್ಟು ಸಿಕ್ಕಿಸುವ ನಾಲ್ಕು ಕೊಂಬಿನ ತುದಿ ನೋಡಿ, ತೋಳಿಗೆ ಉಜ್ಜಿ ಉಜ್ಜಿ ಮೊದಲು ಸವೆಯುವುದು ಅಲ್ಲೇ. ಹಳದಿ ಇಣುಕಿದರೆ ಹಿತ್ತಾಳೆ. ಬೆವರು ಕೂತ ಕಡೆ ಹಸಿರು ಕಟ್ಟಿದ್ದರೆ ಅದು ಕಿಲುಬು. ದಯವಿಟ್ಟು ತುಕ್ಕು ಅನ್ನಬೇಡಿ, ತುಕ್ಕು ಕಬ್ಬಿಣಕ್ಕೆ. ಅಯಸ್ಕಾಂತ ಹಿಡಿದು ನೋಡುವ ಬುದ್ಧಿವಂತರೂ ಇದ್ದಾರೆ. ಹಿತ್ತಾಳೆಯೂ ಅಂಟುವುದಿಲ್ಲ, ವಾಚಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲೂ ಸಾಮಾನ್ಯವಾಗಿ ಅಂಟುವುದಿಲ್ಲ. ಕೊನೆಗೆ ಒಳಗಿನ ಕೂದಲಿನಂಥ ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಹತ್ತಿ ವಾಚು ಓಡೋಡಿ ಮುಂದೆ ಹೋಗುತ್ತದೆ, ಅಷ್ಟೇ ಲಾಭ.

ಬಿಡಿಭಾಗದ ಮಾತೂ ಹೇಳಿಬಿಡುತ್ತೇನೆ, ಶಿಬಿರದಲ್ಲಿ ಕೇಳೇ ಕೇಳುತ್ತಾರೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಬೆಂಗಳೂರಿನಲ್ಲಿ ಶುರುವಾದದ್ದು ಎಚ್‌ಎಂಟಿ ವಾಚು. ಆ ಕಂಪನಿ ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಈಗ ಜನತಾಕ್ಕೆ ಸ್ಪೇರು ಬೇಕೆಂದರೆ ಇನ್ನೊಂದು ಕೆಟ್ಟ ಜನತಾ ಹುಡುಕುವುದೇ ದಾರಿ. ಡಯಲು ನೋಡಿ ಕೊಳ್ಳಬೇಡಿ. ಮುಚ್ಚಳ ತೆಗೆಸಿ, ಮಷೀನಿನ ಮೇಲಿರುವ ನಂಬರ್ ಓದಿ. ಅದು ಹೊಂದಿದರೆ ಮಾತ್ರ ದುಡ್ಡು ಕೊಡಿ.

ರೇಡಿಯಂ ವಿಷಯ ಓದಿದವರು ಹೇಳಲಿ.

– ತುಮಕೂರು (ವಾಚ್ ರಿಪೇರಿ, ಈಗ ನಿವೃತ್ತಿ)

*

‘ಗಿಲೀಟು’ ಇಂಗ್ಲಿಷಿನ ಗಿಲ್ಟ್. ಅದು ಚಿನ್ನಕ್ಕೆ ಸಲ್ಲುವ ಮಾತು. ಕ್ರೋಮ್ ಗಿಲೀಟು ಅನ್ನುವುದು ಬೆಳ್ಳಿಯ ಬಂಗಾರ ಅಂದ ಹಾಗೆ.

– ಮೈಸೂರು

*

ನಮ್ಮ ಪೇಟೆಯಲ್ಲಿ ಬೆಳ್ಳಿ ಗಿಲೀಟೂ ಉಂಟು. ಬಂದು ನೋಡಿ.

– ತುಮಕೂರು

*

ಗೆಳೆಯರೇ, ಅಪ್ಪಟ ಕನ್ನಡದಲ್ಲೇ ಪದ ಇರುವಾಗ ಯಾಕಿಷ್ಟು ಒದ್ದಾಟ? ‘ಕದಿರು’. ಕದಿರು ಅಂದರೆ ಬೆಳಕಿನ ಎಳೆ. ಆ ಬಣ್ಣ ಕದಿರು ಸೂಸುತ್ತದೆ, ಆದ್ದರಿಂದ ‘ಕದಿರುಬಣ್ಣ’. ಇದು ಸುಮ್ನೆ ಹೊಸೆದದ್ದಲ್ಲ. ರೇಡಿಯಂ ಬಂದಿರುವುದು ಲ್ಯಾಟಿನ್ನಿನ ರೇಡಿಯಸ್‌ನಿಂದ. ಅದರ ಅರ್ಥವೂ ಕಿರಣ. ಇನ್ನೂ ಸೊಗಸು ಕೇಳಿ. ಆ ರೇಡಿಯಸ್‌ಗೆ ನೇಕಾರರ ಲಾಳಿ ಅನ್ನುವ ಅರ್ಥವೂ ಇದೆ. ನಮ್ಮ ಕದಿರಿಗೋ, ನೂಲುವ ರಾಟೆಯ ಕದಿರು ಅನ್ನುವ ಅರ್ಥ! ಕಿರಣಕ್ಕೂ ನೂಲಿನ ಕೆಲಸದ ಕಡ್ಡಿಗೂ ಎರಡು ನುಡಿಗಳಲ್ಲೂ ಒಂದೊಂದೇ ಪದ. ಇದಕ್ಕಿಂತ ಒಪ್ಪುವ ಅನುವಾದ ಬೇಕೇ?

– ಶಿವಮೊಗ್ಗ

*

ಚೆಂದ ಇದೆ. ಕಾಕತಾಳೀಯ. ಅನುವಾದ ಅಲ್ಲ.

– ಮೈಸೂರು

*

ಕದಿರುಬಣ್ಣ ಅಂದ್ರ ನಮ್ಮ ಕಡೆ ರಾಟಿಗೆ ಹಚ್ಚೋ ಬಣ್ಣ ಅಂತಾರ. ಬ್ಲೇಡು ಹಿಡಿದವನ ಕೈ ಅದರಿಂದ ನಿಲ್ಲೂದಿಲ್ಲ.

ಅಪ್ಪಟ ಕನ್ನಡ ಅನ್ನುವವರಿಗೆ ಒಂದು ಪ್ರಶ್ನೆ. ವಾಚಿಗೆ ನೀವು ಏನು ಕೊಡುತ್ತೀರಿ? ನಿಮ್ಮ ಕಡೆ ‘ಕೀ’ ಕೊಡುತ್ತಾರೆ, ಅದು ಇಂಗ್ಲಿಷು. ನಾವು ‘ಚಾವಿ’ ಕೊಡುತ್ತೇವೆ, ಅದು ಪೋರ್ಚುಗೀಸರದ್ದು. ಬೀಗದಕೈ ಕೊಡುವವರನ್ನು ನಾನಂತೂ ನೋಡಿಲ್ಲ.

– ಧಾರವಾಡ

*

ಬಳಕೆಯಲ್ಲಿ ಬೇರೂರಿದ್ದನ್ನು ಕೀಳಿ ಅಂತ ನಾನು ಹೇಳಿಲ್ಲ. ಆದರೆ ಸಾಲದ ಪದ ತಂದರೆ ಏನಾಗುತ್ತದೆ ಅನ್ನುವುದಕ್ಕೆ ಈ ರೇಡಿಯಮ್ಮೇ ಸಾಕ್ಷಿ. ತಂದದ್ದು ಒಂದು ವಸ್ತುವಿಗೆ, ಅಂಟಿದ್ದು ಇನ್ನೊಂದಕ್ಕೆ. ಅಪಾಯ ಅಲ್ಲೇ ಉಳಿಯಿತು, ಹೊಳಪು ಮಾತ್ರ ಇಲ್ಲಿಗೆ ಬಂತು. ನಮ್ಮದೇ ಪದವಾಗಿದ್ದರೆ ಹೀಗೆ ಜಾರುತ್ತಿತ್ತೇ?

– ಶಿವಮೊಗ್ಗ

*

ಜಾರುತ್ತಿತ್ತು. ನಿಮ್ಮ ಕದಿರೇ ಕಿರಣ, ತೆನೆ, ರಾಟೆ ಅಂತ ಮೂರು ಮನೆಯಲ್ಲಿ ಸಂಸಾರ ಮಾಡಿಲ್ಲವೇ?

– ಧಾರವಾಡ

*

ಜಗಳದ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಭೌತಶಾಸ್ತ್ರ ಪಾಠ ಮಾಡುವವಳು.

ಆಟೋ ಹಿಂದಿನ ಹಾಳೆಯಲ್ಲಿ ರೇಡಿಯಂ ಚೂರೂ ಇಲ್ಲ. ಅದು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ, ಅಷ್ಟೇ. ವಾಚಿನ ಬಣ್ಣದ ಕತೆ ಬೇರೆ. ಅಲ್ಲಿ ಎರಡು ವಸ್ತು ಕೂಡಿವೆ. ರೇಡಿಯಂ ವಿಕಿರಣ ಬಿಡುತ್ತದೆ, ಅದು ತಗುಲಿ ಸತುವಿನ ಸಲ್ಫೈಡ್ ಹೊಳೆಯುತ್ತದೆ. ಆ ಹೊಡೆತಕ್ಕೆ ಸಲ್ಫೈಡ್ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಆದರೆ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂದರೆ ದೀಪ ಆರಿದೆ, ಬೆಂಕಿ ಆರಿಲ್ಲ. ಹಾಗಾಗಿ ದೀಪ್ತಿ, ಮಿಂಚು, ಕದಿರು ಅಂತ ಹೊಳಪನ್ನು ಹೇಳುವ ಯಾವ ಪದವೂ ಇಲ್ಲಿ ದಾರಿ ತಪ್ಪಿಸುತ್ತದೆ. ಹೊಳೆಯುತ್ತಿಲ್ಲ, ಹಾಗಾದರೆ ಪರವಾಗಿಲ್ಲ ಅಂದುಕೊಂಡೇ ಜನ ಕೆರೆಯುವುದು.

ಮುಚ್ಚಿದ ವಾಚನ್ನು ನೋಡಿ ಗಾಬರಿಯಾಗಬೇಕಿಲ್ಲ. ರೇಡಿಯಂ ಬಿಡುವ ವಿಕಿರಣದಲ್ಲಿನ ಆಲ್ಫಾ ಕಣ ಗಾಜು ದಾಟುವುದಿಲ್ಲ. ಗಾಜು ತೆಗೆದು ಪುಡಿ ಎಬ್ಬಿಸಿದರೆ ಮಾತ್ರ ಕಷ್ಟ. ಉಸಿರಲ್ಲೋ ಬಾಯಲ್ಲೋ ಒಳಗೆ ಹೋದ ರೇಡಿಯಂ ಕ್ಯಾಲ್ಸಿಯಂ ಇದ್ದ ಹಾಗೆ ಮೂಳೆಯಲ್ಲಿ ಕೂರುತ್ತದೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಡಯಲಿಗೆ ಬಣ್ಣ ಹಾಕುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಎಷ್ಟೋ ಜನರ ದವಡೆಯೇ ಕೊಳೆತುಹೋಯಿತು.

ವಸ್ತುವಿನ ಹೆಸರು ಬಿಡಿ. ಅದು ಮಾಡುವ ಕೇಡು ಬರೆಯಿರಿ. ‘ವಿಷಬಣ್ಣ’.

– ಪುತ್ತೂರು

*

ವಿಷ ಬೇರೆ, ವಿಕಿರಣ ಬೇರೆ. ಭೌತಶಾಸ್ತ್ರದವರೇ ಹೀಗಂದರೆ ಹೇಗೆ?

– ಮೈಸೂರು

*

ಪರೀಕ್ಷೆಯಲ್ಲಿ ಬರೆದರೆ ಅರ್ಧ ಅಂಕ ಕಳೆಯುತ್ತೇನೆ. ಬೋರ್ಡಿನ ಮೇಲಾದರೆ ಪೂರ್ತಿ ಕೊಡುತ್ತೇನೆ.

– ಪುತ್ತೂರು

*

ಎಲ್ಲರಿಗೂ ಧನ್ಯವಾದ. ಬೋರ್ಡು ಹೀಗೆ ಮಾಡಿದ್ದೇನೆ:

‘ಹಳೇ ವಾಚಿನ ಅಂಕಿ, ಮುಳ್ಳುಗಳ ಮೇಲಿನ ಕಂದು ಪುಡಿ ವಿಷ. ಗಾಜು ತೆಗೆಯಬೇಡಿ. ಕೆರೆಯಬೇಡಿ. ಊದಬೇಡಿ. ನಮಗೆ ತೋರಿಸಿ.’

ಬಣ್ಣ ಅನ್ನುವ ಪದವನ್ನೂ ಬಿಟ್ಟೆ, ಯಾಕಂದರೆ ಕೆರೆಯುವವನ ಕಣ್ಣಿಗೆ ಅದು ಬಣ್ಣವಾಗಿ ಕಾಣುವುದೇ ಇಲ್ಲ. ಗಿಲೀಟನ್ನು ಇನ್ನೊಂದು ಚೀಟಿಯಲ್ಲಿ ಹಾಗೇ ಬಳಸಿದ್ದೇನೆ, ಮೈಸೂರಿನವರು ಮನ್ನಿಸಬೇಕು. ಕದಿರು ನನಗೆ ತುಂಬಾ ಹಿಡಿಸಿತು, ಆದರೆ ಇಲ್ಲಿಗಲ್ಲ.

ಈಗಷ್ಟೇ ಬೋರ್ಡಿನ ಅಂಗಡಿಗೆ ಕೊಟ್ಟು ಬಂದೆ. ಹುಡುಗ ಪೂರ್ತಿ ಓದಿ, “ಸರ್, ಪೇಂಟಲ್ಲಿ ಬರೀಲಾ, ರೇಡಿಯಂ ಕಟಿಂಗ್ ಮಾಡ್ಲಾ?” ಅಂದ.

– ಜಾಲಹಳ್ಳಿಯಿಂದ