‘ಡಿಫೆನ್ಸಿವ್ ಕೋಆರ್ಡಿನೇಟರ್’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ಲಗ್ಗೆ, ಸೋಗು, ಬೆಂಗಾವಲು

ಎಲ್ಲರಿಗೂ ನಮಸ್ಕಾರ.

ಇಲ್ಲಿನ ನಮ್ಮ ಕನ್ನಡ ಕೂಟದ ಸಂಚಿಕೆಗೆ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರಲ್ಲಿ ಊರಿಂದ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರೇ ಜಾಸ್ತಿ. ಭಾನುವಾರ ಮೊಮ್ಮಕ್ಕಳು ಟಿವಿ ಮುಂದೆ ಕೂತು ಕೂಗಾಡುವಾಗ ಅವರಿಗೂ ಆಟ ತಿಳಿಯಲಿ ಅನ್ನೋದು ನನ್ನ ಆಸೆ. 2024ರಲ್ಲಿ ವಿಕ್ ಫ್ಯಾಂಜಿಯೊ ಬಂದ ಮೇಲೆ ಫಿಲಡೆಲ್ಫಿಯಾ ಈಗಲ್ಸ್ ತಂಡದ ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆ, ಹೇಗೆ ಬೇರೆಯಾಯಿತು ಅನ್ನೋದು ವಿಷಯ. ಫ್ಯಾಂಜಿಯೊ ಅವರ ‘ಡಿಫೆನ್ಸಿವ್ ಕೋಆರ್ಡಿನೇಟರ್’ ಅನ್ನುವ ಹುದ್ದೆಯ ಹೆಸರಿಗೆ ಬಂದು ಕೈ ನಿಂತಿದೆ.

ನಿಘಂಟು ನೋಡಿ ಬರೆದರೆ ‘ರಕ್ಷಣಾ ಸಂಯೋಜಕ’ ಆಗುತ್ತದೆ. ಓದಿದ ಕೂಡಲೇ ಏನು ಅನ್ನಿಸುತ್ತದೆ ಹೇಳಿ. ‘ರಕ್ಷಣಾ’ ಅಂದರೆ ನಮಗೆ ರಕ್ಷಣಾ ಸಚಿವರು, ರಕ್ಷಣಾ ಇಲಾಖೆ. ‘ಸಂಯೋಜಕ’ ಅಂದರೆ ಕಾರ್ಯಕ್ರಮ ಸಂಯೋಜಕರು. ವೇದಿಕೆಗೆ ಮೈಕು ಬಂತಾ, ಅತಿಥಿಗಳಿಗೆ ಕಾರು ಹೋಯಿತಾ ಅಂತ ನೋಡಿಕೊಳ್ಳುವವರು. ಎರಡನ್ನೂ ಕೂಡಿಸಿದರೆ ಸೈನ್ಯದ ಯಾವುದೋ ಕಚೇರಿಯ ಅಧಿಕಾರಿ ಕಣ್ಣ ಮುಂದೆ ಬರುತ್ತಾರೆ. ಮೈದಾನ ಬರುವುದೇ ಇಲ್ಲ.

ಈ ಕೆಲಸ ಏನು ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ, ಪದ ಆಮೇಲೆ ನೋಡೋಣ. ಈ ಆಟದಲ್ಲಿ ಚೆಂಡು ಒಂದು ಸಲ ಕದಲಿ ನಿಂತರೆ ಅದು ಒಂದು ‘ಪ್ಲೇ’. ಒಂದು ಪ್ಲೇ ಮುಗಿದು ಇನ್ನೊಂದಕ್ಕೆ ಸಿಗುವುದು 40 ಸೆಕೆಂಡು. ಅಷ್ಟರಲ್ಲಿ ಎದುರಾಳಿ ಚೆಂಡು ಎಸೆಯುತ್ತಾನೋ, ಹಿಡಿದುಕೊಂಡು ಓಡುತ್ತಾನೋ ಅಂತ ಅಂದಾಜು ಮಾಡಬೇಕು. ತನ್ನ 11 ಜನ ಎಲ್ಲಿ ನಿಲ್ಲಬೇಕು, ಯಾರು ಯಾರ ಹಿಂದೆ ಹೋಗಬೇಕು ಅಂತ ಹೇಳಬೇಕು. ಡಿಫೆನ್ಸ್‌ನ ಒಬ್ಬ ಆಟಗಾರನ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುತ್ತದೆ. ಅದರೊಳಗೆ ಸಣ್ಣ ರೇಡಿಯೋ. ಕೋಚ್ ಹೇಳಿದ್ದು ಅವನ ಕಿವಿಗೆ ಬೀಳುತ್ತದೆ, ಅವನು ಉಳಿದ ಹತ್ತು ಜನಕ್ಕೆ ಕೂಗಿ, ಕೈ ಸನ್ನೆ ಮಾಡಿ ದಾಟಿಸುತ್ತಾನೆ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ರೇಡಿಯೋ ತಾನಾಗೇ ಬಂದ್. ಅಲ್ಲಿಂದ ಮುಂದೆ ಎಲ್ಲ ಆಟಗಾರರ ಕೈಯಲ್ಲಿ. ಒಂದು ಪಂದ್ಯದಲ್ಲಿ ಇದು ಹತ್ತಾರು ಸಲ ನಡೆಯುತ್ತದೆ. ವಾರವಿಡೀ ಕಲಿಸಿದ್ದು, ತಿದ್ದಿದ್ದು ಬೇರೆ.

ಇಂಥವರನ್ನು ಸಂಯೋಜಕ ಅಂದರೆ ಸಾಲದು ಅಲ್ವಾ? ಆದರೂ ಆ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಬದುಕು ಇದೆ. ರಾಗ ಸಂಯೋಜನೆ, ಸಂಗೀತ ಸಂಯೋಜಕ. ಆ ಅರ್ಥದಲ್ಲಿ ಕೇಳಿಸಿಕೊಂಡರೆ ಈ ಕೆಲಸಕ್ಕೆ ಅದು ತುಂಬ ಹತ್ತಿರ. ಓದುವವರು ಹಾಗೆ ಕೇಳಿಸಿಕೊಳ್ಳುತ್ತಾರಾ ಅನ್ನೋದೇ ನನ್ನ ಅನುಮಾನ. ನನಗೆ ಒಪ್ಪಿಗೆಯಾಗುತ್ತಿರುವುದು ‘ಡಿಫೆನ್ಸ್ ಕೋಚ್’. ಬೌಲಿಂಗ್ ಕೋಚ್, ಫೀಲ್ಡಿಂಗ್ ಕೋಚ್ ಅಂತ ದಿನಾ ಓದುವವರಿಗೆ ಇದು ತಕ್ಷಣ ಹತ್ತುತ್ತದೆ. ಕ್ರಿಯಾಪದಕ್ಕೆ ‘ಆಡಿಸು’. ಅಲ್ಲಿನವರು ಈ ಕೋಚ್ ಪ್ಲೇ ‘ಕರೆಯುತ್ತಾರೆ’ ಅನ್ನುತ್ತಾರೆ, ನಮ್ಮಲ್ಲಿ ಅದು ಕೂಡುವುದಿಲ್ಲ. ‘ಈಗಲ್ಸ್ ಡಿಫೆನ್ಸ್ ಆಡಿಸುವವರು ಫ್ಯಾಂಜಿಯೊ’ ಅಂದರೆ ಕಲಿಸುವುದು, ನಿಲ್ಲಿಸುವುದು, ಹೇಳುವುದು ಮೂರೂ ಬಂತು. ‘ಇಸು’ ಅನ್ನುವ ಒಂದು ಪ್ರತ್ಯಯ ಇಷ್ಟು ಕೆಲಸ ಮಾಡುವಾಗ ದೊಡ್ಡ ಸಮಾಸ ಯಾಕೆ ಕಟ್ಟಬೇಕು?

ಈಗ ನನ್ನ ಎರಡನೇ ತೊಡಕು. ಲೇಖನದ ತಲೆಬರಹ ‘ಫ್ಯಾಂಜಿಯೊ ಡಿಫೆನ್ಸ್ ಬದಲಾಯಿಸಿದರು’ ಅಂತಿರಬೇಕೋ, ‘ಫ್ಯಾಂಜಿಯೊ ಬಂದ ಮೇಲೆ ಡಿಫೆನ್ಸ್ ಬದಲಾಯಿತು’ ಅಂತಿರಬೇಕೋ? ನಡೆದದ್ದನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

2023ರಲ್ಲಿ ಈಗಲ್ಸ್ ಮೊದಲ 11 ಪಂದ್ಯದಲ್ಲಿ 10 ಗೆದ್ದರು. ಆಮೇಲೆ ಕುಸಿತ. ಉಳಿದ ಆರರಲ್ಲಿ ಗೆದ್ದದ್ದು ಒಂದೇ, ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ ತಂಡ 32-9ರಿಂದ ಮನೆಗೆ ಕಳಿಸಿತು. ಆ ವರ್ಷ ಡಿಫೆನ್ಸ್ ಆಡಿಸುತ್ತಿದ್ದವರು ಶಾನ್ ದೇಸಾಯಿ. ಭಾರತ ಮೂಲದವರು. ಡಿಸೆಂಬರ್‌ನಲ್ಲಿ ಆ ಕೆಲಸ ಅವರ ಕೈಯಿಂದ ಮ್ಯಾಟ್ ಪ್ಯಾಟ್ರೀಷಿಯಾ ಕೈಗೆ ಹೋಯಿತು. ಅದರಿಂದಲೂ ಏನೂ ಸುಧಾರಿಸಲಿಲ್ಲ. ಎದುರಾಳಿ ಚೆಂಡನ್ನು ಎಷ್ಟು ಗಜ ಮುಂದೆ ಒಯ್ಯಲು ಬಿಟ್ಟರು ಅನ್ನುವ ಲೆಕ್ಕದಲ್ಲಿ (ಕಡಿಮೆ ಬಿಟ್ಟವರು ಮೊದಲು) ಲೀಗಿನ 32 ತಂಡಗಳಲ್ಲಿ ಈಗಲ್ಸ್ 26ನೇ ಸ್ಥಾನ. ಬಿಟ್ಟುಕೊಟ್ಟ ಅಂಕ 428.

ಮರುವರ್ಷ ಫ್ಯಾಂಜಿಯೊ ಬಂದರು. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ್ದೇ ಡನ್‌ಮೋರ್ ಊರಿನವರು. ಗಜಗಳ ಲೆಕ್ಕದಲ್ಲಿ ತಂಡ ಮೊದಲನೇ ಸ್ಥಾನಕ್ಕೆ ಬಂತು. ಬಿಟ್ಟುಕೊಟ್ಟ ಅಂಕ 303ಕ್ಕೆ ಇಳಿಯಿತು. 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಕಾನ್ಸಾಸ್ ಸಿಟಿಯನ್ನು 40-22ರಿಂದ ಸೋಲಿಸಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದರು.

ಇಷ್ಟು ನೋಡಿದರೆ ‘ಬದಲಾಯಿಸಿದರು’ ಅಂತಲೇ ಬರೆಯಬೇಕು ಅನ್ನಿಸುತ್ತದೆ. ಆದರೆ ಶಿಕಾಗೋ ತಂಡದಲ್ಲಿ ದೇಸಾಯಿ ಇದೇ ಫ್ಯಾಂಜಿಯೊ ಕೈಕೆಳಗೆ ಕೆಲಸ ಮಾಡಿದವರು. ಅವರಿಗೂ ಈ ಪಾಠ ಗೊತ್ತಿತ್ತು. 2024ರಲ್ಲಿ ಆಟಗಾರರೂ ಹೊಸಬರು. ಕಾಲೇಜಿನಿಂದ ಆರಿಸಿಕೊಂಡ ಕ್ವಿನಿಯನ್ ಮಿಚೆಲ್ ಮತ್ತು ಕೂಪರ್ ಡಿಜೀನ್ ಇಬ್ಬರೂ ಆ ವರ್ಷವೇ ಬಂದವರು. ಮೊದಲ ನಾಲ್ಕು ಪಂದ್ಯದಲ್ಲಿ ಎರಡು ಗೆಲುವು, ಎರಡು ಸೋಲು. ನಾಲ್ಕನೆಯದರಲ್ಲಿ ಮತ್ತೆ ಟ್ಯಾಂಪಾ ಬೇ ಕೈಯಲ್ಲೇ 33-16ರ ಸೋಲು. ಮುಂದಿನ ವಾರ ಬಿಡುವಿತ್ತು. ಅದಾದ ಮೇಲೆ ಡಿಜೀನ್‌ಗೆ ಕಾಯಂ ಜಾಗ ಕೊಟ್ಟರು. ಅಲ್ಲಿಂದ 13 ಪಂದ್ಯದಲ್ಲಿ ಸೋತಿದ್ದು ಒಂದೇ. ಹಾಗಿರುವಾಗ ಪೂರ್ತಿ ಪಾಲನ್ನು ಒಬ್ಬರ ಹೆಸರಿಗೆ ಬರೆಯುವುದು ನ್ಯಾಯ ಅಲ್ಲ.

ಝ್ಯಾಕ್ ಬಾನ್ ವಿಷಯದಲ್ಲಿ ಮಾತ್ರ ‘ಬದಲಾಯಿಸಿದರು’ ಅಂತ ಧೈರ್ಯವಾಗಿ ಬರೆಯುತ್ತೇನೆ. ಅವರು ನ್ಯೂ ಆರ್ಲಿಯನ್ಸ್ ತಂಡದಲ್ಲಿ ಅಂಚಿನಲ್ಲಿ ನಿಂತು ನುಗ್ಗುವ ಆಟಗಾರ. ಹೆಸರೇನೂ ಇರಲಿಲ್ಲ, ಒಂದು ವರ್ಷದ ಒಪ್ಪಂದಕ್ಕೆ ಬಂದವರು. ಇಲ್ಲಿ ಅವರನ್ನು ಸಾಲಿನ ಹಿಂದೆ, ನಡುವೆ ನಿಲ್ಲಿಸಿದರು. ಅಲ್ಲಿಂದ ಓಟವನ್ನೂ ನೋಡಬಹುದು, ಎಸೆತವನ್ನೂ ನೋಡಬಹುದು. ಆ ಒಂದೇ ವರ್ಷ 151 ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಹಿಡಿದು ಕೆಡವಿದ್ದು. ಲೀಗಿನ ಅತ್ಯುತ್ತಮರ ಮೊದಲ ತಂಡಕ್ಕೆ ಆಯ್ಕೆ. ಆಟಗಾರ ಅವನೇ, ನಿಂತ ಜಾಗ ಬೇರೆ. ಇಂಥದ್ದು ಕಂಡಾಗ ನನಗೆ ಈ ಕೆಲಸದ ಮೇಲೆ ನಿಜವಾದ ಗೌರವ ಬರುತ್ತದೆ.

ಇನ್ನು ಫ್ಯಾಂಜಿಯೊ ಆಟದ ಒಳಗಿನ ಪದಗಳು. ಮುಖ್ಯವಾಗಿ ಮೂರಕ್ಕೆ ನಿಮ್ಮ ಸಲಹೆ ಬೇಕು.

ಒಂದು ‘ಸೇಫ್ಟಿ’. ಎಲ್ಲರಿಗಿಂತ ಹಿಂದೆ ನಿಂತು, ದೂರದ ಎಸೆತ ತಲೆ ಮೇಲೆ ದಾಟಿ ಹೋಗದಂತೆ ಕಾಯುವ ಆಟಗಾರ. ಹಾಗೇ ಬಿಟ್ಟರೆ ‘ಸುರಕ್ಷತೆ’ ಅಂತ ಓದುತ್ತಾರೆ. ಜೊತೆಗೆ ಇದೇ ಆಟದಲ್ಲಿ ಎರಡು ಅಂಕ ಸಿಗುವ ಒಂದು ಸಂದರ್ಭಕ್ಕೂ ಸೇಫ್ಟಿ ಅಂತಲೇ ಹೆಸರು. ನನಗೆ ಹೊಳೆದದ್ದು ‘ಬೆಂಗಾವಲು’. ಬೆನ್ನು ಮತ್ತು ಕಾವಲು ಸೇರಿ ಆದ ಮಾತು, ಅರ್ಥ ತಕ್ಕಡಿಯಲ್ಲಿ ತೂಗಿದಂತಿದೆ. ಆದರೆ ಈಗ ಬೆಂಗಾವಲು ಅಂದರೆ ಮಂತ್ರಿಗಳ ಕಾರಿನ ಹಿಂದೆ ಮುಂದೆ ಓಡುವ ಪೊಲೀಸ್ ಗಾಡಿ. ‘ಹಿಂಗಾವಲು’ ಅಂದರೆ ಆ ಗೊಂದಲ ಇಲ್ಲ, ಕೇಳಲೂ ಚೆನ್ನಾಗಿದೆ. ಯಾವುದು ಇಟ್ಟುಕೊಳ್ಳಲಿ?

ಎರಡನೆಯದು ‘ಡಿಸ್‌ಗೈಸ್’, ಇಡೀ ಲೇಖನದ ಹೃದಯ. ಫ್ಯಾಂಜಿಯೊ ಹೆಚ್ಚಾಗಿ ಇಬ್ಬರು ಹಿಂಗಾವಲಿನವರನ್ನೂ ದೂರ ಹಿಂದೆ ನಿಲ್ಲಿಸುತ್ತಾರೆ. ಒಬ್ಬನನ್ನು ಮುಂದೆ ತಂದು ಓಟ ತಡೆಯುವುದು ಎಷ್ಟೋ ತಂಡಗಳ ವಾಡಿಕೆ. ಇವರಿಗೆ ದೂರದ ಒಂದೇ ಎಸೆತದಲ್ಲಿ ಆಟ ಕೈಬಿಟ್ಟು ಹೋಗಬಾರದು ಅನ್ನೋದೇ ಮೊದಲು. ನಾಲ್ಕಾರು ಗಜದ ಚಿಕ್ಕ ಎಸೆತ ಬೇಕಾದರೆ ಸಿಗಲಿ, ಹಾಗೆ ಮೆಲ್ಲಗೆ ಬರುವಾಗ ಎದುರಾಳಿ ಎಲ್ಲೋ ಒಂದು ಕಡೆ ಎಡವುತ್ತಾನೆ ಅನ್ನುವ ಲೆಕ್ಕ. ಚೆಂಡು ಕದಲುವ ಮುಂಚೆ ಎದುರಾಳಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಆಟಗಾರ, ಈ ಇಬ್ಬರನ್ನು ನೋಡಿಯೇ ಎಲ್ಲಿ ಎಸೆಯಬೇಕು ಅಂತ ಯೋಚಿಸುತ್ತಾನೆ. ಚೆಂಡು ಕದಲಿದ ಕ್ಷಣ ಒಬ್ಬ ಸರಸರನೆ ಮುಂದೆ ಬರಬಹುದು, ಒಬ್ಬ ನಡುವಿಗೆ ಜಾರಬಹುದು, ಇಬ್ಬರೂ ಅಲ್ಲೇ ಉಳಿಯಬಹುದು. ಗೂಗ್ಲಿ ಇದ್ದ ಹಾಗೆ. ಕೈ ನೋಡಿದರೆ ಲೆಗ್‌ಬ್ರೇಕ್, ಚೆಂಡು ಬಿದ್ದ ಮೇಲೆ ಬೇರೆ ಕತೆ.

ಇದಕ್ಕೆ ‘ಮರೆಮಾಚು’ ಅನ್ನುವವರಿದ್ದಾರೆ. ನನಗೆ ಸರಿ ಕಾಣುವುದಿಲ್ಲ. ಮರೆಮಾಚುವಾಗ ಒಂದು ವಸ್ತುವನ್ನು ಕಣ್ಣಿಗೆ ಬೀಳದಂತೆ ಇಡುತ್ತೇವೆ. ಇಲ್ಲಿ 11 ಜನವೂ ಕಣ್ಣೆದುರಿಗೇ ಇದ್ದಾರೆ, ತೋರುತ್ತಿರುವುದು ಮಾತ್ರ ಬೇರೆ. ಹಾಗಾಗಿ ‘ಸೋಗು’ ಸರಿಯಾದ ಪದ. ಆದರೆ ‘ಸಾಧುವಿನ ಸೋಗಿನಲ್ಲಿ ಬಂದ ಕಳ್ಳ’ ಅಂತ ಪತ್ರಿಕೆಯಲ್ಲಿ ಓದಿ ಓದಿ ಸೋಗಿಗೆ ಮೋಸದ ವಾಸನೆ ಹತ್ತಿದೆ. ಮೈದಾನದಲ್ಲಿ ನಡೆಯುವುದು ನಿಯಮದೊಳಗಿನ ಜಾಣತನ. ‘ವೇಷ’ ಅಂದರೆ ಆ ವಾಸನೆ ಇಲ್ಲ, ಆದರೆ ಅದು ಒಬ್ಬ ಮನುಷ್ಯನಿಗೆ ಹೊಂದುತ್ತದೆ, ಇಡೀ ಸಾಲಿಗೆ ಹೊಂದುತ್ತದಾ ಗೊತ್ತಾಗುತ್ತಿಲ್ಲ. ‘ಸೋಗಿನ ಸಾಲು’ ಅಂತ ಬರೆದಿಟ್ಟಿದ್ದೇನೆ. ಹೇಗಿದೆ?

ಮೂರನೆಯದು ‘ಬ್ಲಿಟ್ಜ್’. ಸಾಮಾನ್ಯವಾಗಿ ನಾಲ್ಕು ಜನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಐದು ಅಥವಾ ಜಾಸ್ತಿ ಜನ ನುಗ್ಗಿದರೆ ಅದು ಬ್ಲಿಟ್ಜ್. ಹಿಂದೆ ಜಾಗ ಖಾಲಿ ಬಿಟ್ಟು ಆಡುವ ಜೂಜು ಅದು. ಇದಕ್ಕೆ ‘ದಾಳಿ’ ಅಂದರೆ ಕಬಡ್ಡಿಯ ರೈಡ್ ಆಗಿಬಿಡುತ್ತದೆ. ‘ಮುತ್ತಿಗೆ’ ಅಂದರೆ ಕೋಟೆ ಸುತ್ತ ಬೀಡು ಬಿಟ್ಟು ಕಾಯುವುದು. ‘ಲಗ್ಗೆ’ ಅಂದರೆ ಗೋಡೆ ಹತ್ತಿ ಒಳಗೆ ಧುಮುಕುವುದು. ಹೇಳಿ ಮಾಡಿಸಿದ ಪದ. ಆದರೆ ಕ್ರೀಡಾಪುಟದವರು ‘ಫೈನಲ್‌ಗೆ ಲಗ್ಗೆ’ ಅಂತ ದಿನಾ ಬರೆದು ಅದರ ಮೊನೆ ಸವೆಸಿದ್ದಾರೆ. ಹೊಸ ಫೋನು ಕೂಡ ಮಾರುಕಟ್ಟೆಗೆ ಲಗ್ಗೆ ಇಡುತ್ತದೆ. ಸುಮ್ನೆ ‘ಬಂತು’, ‘ತಲುಪಿತು’ ಅನ್ನುವ ಅರ್ಥಕ್ಕೆ ಇಳಿದಿದೆ.

ನನ್ನ ಲೇಖನದಲ್ಲಿ ಇದು ದೊಡ್ಡ ತೊಂದರೆ. ಯಾಕೆಂದರೆ ಆ ಸೂಪರ್ ಬೌಲ್‌ನಲ್ಲಿ ಫ್ಯಾಂಜಿಯೊ ಒಮ್ಮೆಯೂ ಲಗ್ಗೆ ಹಾಕಿಸಲಿಲ್ಲ! ನಾಲ್ಕೇ ಜನರನ್ನು ಕಳಿಸಿ ಕಾನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರು ಸಲ ನೆಲಕ್ಕೆ ಕೆಡವಿದರು. ಆ ಆರರಲ್ಲಿ ಎರಡೂವರೆ ಜೋಶ್ ಸ್ವೆಟ್ ಒಬ್ಬರ ಲೆಕ್ಕಕ್ಕೇ (ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ). ಉಳಿದ ಏಳು ಜನ ಹಿಂದೆ ನಿಂತು ಎಸೆಯಲು ಜಾಗವನ್ನೇ ಕೊಡಲಿಲ್ಲ. ಎರಡನೇ ಕ್ವಾರ್ಟರ್‌ನಲ್ಲಿ ಮಹೋಮ್ಸ್ ಪಕ್ಕಕ್ಕೆ ಓಡುತ್ತಾ ನಡುವಿಗೆ ಎಸೆದ ಚೆಂಡನ್ನು ಡಿಜೀನ್ ಹಾರಿ ಕಸಿದುಕೊಂಡು 38 ಗಜ ಓಡಿ ಅಂಕ ಗಳಿಸಿದರು. ಅವತ್ತು ಆ ಹುಡುಗನಿಗೆ 22 ತುಂಬಿದ ದಿನ. ಮಧ್ಯಂತರಕ್ಕೆ 24-0. ‘ಒಂದೂ ಲಗ್ಗೆ ಇಲ್ಲದೆ’ ಅಂತ ಬರೆದರೆ ಈ ವಾಕ್ಯದ ತೂಕ ಓದುವವರಿಗೆ ತಟ್ಟಬೇಕು. ಸವೆದ ಪದದಿಂದ ತಟ್ಟುತ್ತದಾ?

‘ಲಗ್ಗೆ ಇಡು’ ಬಿಟ್ಟು ‘ಲಗ್ಗೆ ಹತ್ತು’, ‘ಲಗ್ಗೆ ಹಾಕು’ ಅಂತ ಬಳಸಿದರೆ ಹಳೆಯ ಕಸುವು ತಿರುಗಿ ಬರಬಹುದಾ? ಹಳಗನ್ನಡ ಬಲ್ಲವರು ಹೇಳಬೇಕು. ಇನ್ನು ಕಬಡ್ಡಿ ಆಡಿ ಬೆಳೆದವರಿಗೆ ಒಂದು ಪ್ರಶ್ನೆ. ರೈಡಿಗೆ ಬಂದವನ ಮೇಲೆ ಕಾಯುವವರೆಲ್ಲ ಒಟ್ಟಿಗೆ ಬೀಳುವುದಕ್ಕೆ ನಿಮ್ಮ ಊರ ಕಡೆ ಯಾವ ಮಾತಿತ್ತು? ಹಾಸನ, ಮಂಡ್ಯ, ಧಾರವಾಡ, ಕರಾವಳಿ, ಎಲ್ಲಿಯದಾದರೂ ಸರಿ, ಆಡುವ ಹಾಗೇ ಬರೆದು ಕಳಿಸಿ.