ಇಬ್ಬರು ಗೈಡ್, ಎರಡು ವಿಭಾಗ, ಒಂದು ಪಿಎಚ್‌ಡಿ: ಪಾವಗಡ, ಬಾಗೇಪಲ್ಲಿ ಶಾಲೆಗಳಲ್ಲಿ ಫೀಲ್ಡ್ ವರ್ಕ್ ಹೇಗೆ?

ಗಡಿಶಾಲೆ_ಗಣಿತ
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಶಿಕ್ಷಣ ವಿಭಾಗದಲ್ಲಿ ಪಿಎಚ್‌ಡಿ, ಕೋರ್ಸ್ ವರ್ಕ್ ಮುಗಿದಿದೆ. ಮನೆಯಲ್ಲಿ ತೆಲುಗು ಆಡುವ, ಕನ್ನಡ ಮಾಧ್ಯಮದಲ್ಲಿ ಓದುವ ನಾಲ್ಕನೇ ತರಗತಿ ಮಕ್ಕಳು ವಾಕ್ಯರೂಪದ ಲೆಕ್ಕಗಳಲ್ಲಿ ಎಲ್ಲಿ ಎಡವುತ್ತಾರೆ ಅನ್ನೋದು ವಿಷಯ. ಗೈಡ್ ಶಿಕ್ಷಣಶಾಸ್ತ್ರದವರು, 240 ಮಕ್ಕಳಿಗೆ ಪರೀಕ್ಷೆ ಕೊಡಿ ಅಂತಾರೆ. ಕೋ-ಗೈಡ್ ಭಾಷಾಶಾಸ್ತ್ರದವರು, ಹನ್ನೆರಡು ಮಕ್ಕಳ ಮಾತು ರೆಕಾರ್ಡ್ ಮಾಡಿದರೆ ಸಾಕು ಅಂತಾರೆ. ಆಂಧ್ರ ಗಡಿಯ ಪಾವಗಡ, ಬಾಗೇಪಲ್ಲಿ ಎರಡೂ ತಾಲ್ಲೂಕು ತಗೊಂಡಿದ್ದೇನೆ. ಅನುಮತಿ ಯಾರ ಹತ್ರ? 240 ಸರಿಯೇ? ಇಬ್ಬರನ್ನೂ ಒಂದು ದಾರಿಗೆ ತರೋದು ಹೇಗೆ?

ಟಪಾಲು_ಸೆಕ್ಷನ್
ಅನುಮತಿ ವಿಷಯ ಮಾತ್ರ ಹೇಳ್ತೀನಿ. ಪಾವಗಡ ತುಮಕೂರು ಜಿಲ್ಲೆಯಲ್ಲಿದ್ದರೂ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತೆ. ಅರ್ಜಿ ಹೋಗಬೇಕಾದ್ದು ಮಧುಗಿರಿ ಡಿಡಿಪಿಐಗೆ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ತುಮಕೂರು ಕಚೇರಿಗೆ ಕೊಟ್ಟು ವಾರಗಟ್ಟಲೆ ಕಾಯೋರು ಬಹಳ. ಬಾಗೇಪಲ್ಲಿಗೆ ಚಿಕ್ಕಬಳ್ಳಾಪುರ ಡಿಡಿಪಿಐ. ಹೀಗೆ ಒಟ್ಟು ಎರಡು ಅರ್ಜಿ ಆಯ್ತು.

ಜೊತೆಗೆ ಇಡಬೇಕಾದ್ದು: ಲೆಟರ್‌ಹೆಡ್‌ನಲ್ಲಿ ಗೈಡ್ ಪತ್ರ, ಒಂದೇ ಪುಟದ ಕನ್ನಡ ಸಾರಾಂಶ (ಇಡೀ ಸಿನಾಪ್ಸಿಸ್ ಬೇಡ, ಯಾರೂ ಓದಲ್ಲ), ಪ್ರಶ್ನೆಪತ್ರಿಕೆಯ ಪ್ರತಿ, ಯುಡೈಸ್ ಕೋಡ್ (ಪ್ರತಿ ಶಾಲೆಗೂ ಇರೋ ಗುರುತಿನ ಸಂಖ್ಯೆ) ಸಮೇತ ಶಾಲೆಗಳ ಪಟ್ಟಿ, ದಿನಾಂಕ, ಒಂದು ಮಗುವಿಗೆ ಎಷ್ಟು ನಿಮಿಷ ಬೇಕು ಅನ್ನೋದು, ಫೋಟೊ ತೆಗೆಯಲ್ಲ ಅನ್ನೋ ಒಂದು ಸಾಲು. ಟಪಾಲಿಗೆ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆದೇಶ ಬಂದಾಗ ಬಿಇಒಗೆ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಯಥಾಪ್ರತಿ ಇದೆಯಾ ನೋಡಿ. ಇಲ್ಲದಿದ್ದರೆ ಹೆಡ್ ಮಾಸ್ಟರ್ ಮತ್ತೆ ಬಿಇಒ ಕಚೇರಿಗೇ ಕಳಿಸ್ತಾರೆ. ಹೋಗೋ ಮುಂಚೆ ಸಿಆರ್‌ಪಿಗೆ (ಆ ಕ್ಲಸ್ಟರ್‌ನ ಶಾಲೆಗಳನ್ನ ನೋಡಿಕೊಳ್ಳೋ ಸಂಪನ್ಮೂಲ ವ್ಯಕ್ತಿ) ಒಂದು ಫೋನ್ ಮಾಡಿ.

ಜುಲೈ ಮಧ್ಯದಿಂದ ಸೆಪ್ಟೆಂಬರ್, ಆಮೇಲೆ ನವೆಂಬರ್‌ನಿಂದ ಜನವರಿ ಒಳ್ಳೆ ಸಮಯ. ದಸರಾ ರಜೆ, ಪರೀಕ್ಷೆ ಅಕ್ಕಪಕ್ಕ ಹೋಗಬೇಡಿ.

ಸರಾಸರಿ_ಸಾಲದು
240 ಅನ್ನೋ ಸಂಖ್ಯೆಗಿಂತ ಅದು ಎಷ್ಟು ಶಾಲೆಯಿಂದ ಬರುತ್ತೆ ಅನ್ನೋದು ಮುಖ್ಯ. ಒಂದೇ ತರಗತಿಯ ಮಕ್ಕಳಿಗೆ ಒಬ್ಬರೇ ಮೇಷ್ಟ್ರು, ಹಾಗಾಗಿ ತಪ್ಪುಗಳೂ ಒಂದೇ ಥರ ಇರುತ್ವೆ. ಈ ಹೋಲಿಕೆಯ ಅಳತೆ, ಅಂದರೆ ಐಸಿಸಿ, 0.2 ಅಂತಿಟ್ಟುಕೊಳ್ಳಿ. 12 ಶಾಲೆ, ತಲಾ 20 ಮಕ್ಕಳಾದರೆ 1 + (20 − 1) × 0.2 = 4.8. 240ನ್ನ 4.8ರಿಂದ ಭಾಗಿಸಿ: ನಿಮ್ಮ ಕೈಲಿರೋದು 50 ಮಕ್ಕಳಷ್ಟು ಮಾಹಿತಿ. ಅದೇ 30 ಶಾಲೆ, ತಲಾ 8 ಮಕ್ಕಳಾದರೆ ಭಾಜಕ 2.4ಕ್ಕೆ ಇಳಿದು 100 ಆಗುತ್ತೆ. ಚಿಕ್ಕ ಹಳ್ಳಿ ಶಾಲೆಗಳಲ್ಲಿ ನಾಲ್ಕನೇ ತರಗತಿಯಲ್ಲಿ ಎಂಟು ಮಕ್ಕಳು ಸಿಕ್ಕರೇ ಹೆಚ್ಚು, ಆದ್ದರಿಂದ ಇದು ಹೊಂದುತ್ತೆ ಕೂಡ. ಓಡಾಟದ ಖರ್ಚು ಮಾತ್ರ ಏರುತ್ತೆ.

ಇನ್ನೊಂದು: ಅದೇ ಶಾಲೆಗಳಲ್ಲಿ ಮನೆಮಾತು ಕನ್ನಡ ಇರೋ ಮಕ್ಕಳೂ ಬೇಕು. ಇಲ್ಲದಿದ್ದರೆ ಕಂಡ ತಪ್ಪನ್ನೆಲ್ಲ ತೆಲುಗಿನ ತಲೆಗೆ ಕಟ್ಟಿಬಿಡ್ತೀರಿ. ಮನೆಮಾತು ಯಾವುದು ಅಂತ ದಾಖಲಾತಿ ಪುಸ್ತಕ ನೋಡಿ ತೀರ್ಮಾನಿಸಬೇಡಿ. "ಅಜ್ಜಿ ಜೊತೆ ಯಾವ ಮಾತಾಡ್ತೀಯ" ಅಂತ ಮಗುವನ್ನೇ ಕೇಳಿ.

ಮನೆಮಾತು
ತಪ್ಪನ್ನೆಲ್ಲ ತೆಲುಗಿನ ತಲೆಗೆ ಕಟ್ಟೋ ಬಗ್ಗೆ ಮೇಲಿನವರು ಹೇಳಿದ ಮಾತಿಗೆ ಉದಾಹರಣೆ ಕೊಡ್ತೀನಿ. "ರಾಜು ಬಳಿ 23 ಗೋಲಿಗಳಿವೆ. ಅವು ಸೋಮನ ಬಳಿ ಇರುವುದಕ್ಕಿಂತ 7 ಹೆಚ್ಚು. ಸೋಮನ ಬಳಿ ಎಷ್ಟು?" ಉತ್ತರ 16. ಮಗು 30 ಬರೆಯುತ್ತೆ, "ಹೆಚ್ಚು" ಕಂಡ ಕೂಡಲೇ ಕೂಡೋದು. ಆದರೆ ಕನ್ನಡವನ್ನೇ ಆಡುವ ಮಗುವೂ ಹೀಗೇ ಬರೆಯುತ್ತೆ! ಇದು ಭಾಷೆಯ ತೊಡಕೋ ಲೆಕ್ಕದ ತೊಡಕೋ ಅಂತ ಉತ್ತರಪತ್ರಿಕೆ ಹೇಳಲ್ಲ.

ಅಂಕಿ ಬದಲಿಸಿ ಅದೇ ಲೆಕ್ಕವನ್ನ ತೆಲುಗಲ್ಲಿ ಬಾಯಲ್ಲಿ ಕೇಳಿ: "ಸೋಮು ಕಂಟೆ ಆರು ಎಕ್ಕುವ..." (ಸೋಮುಗಿಂತ ಆರು ಹೆಚ್ಚು). ಅಲ್ಲೂ ಕೂಡಿದರೆ ತೊಡಕು ಲೆಕ್ಕದ ರಚನೆಯಲ್ಲಿದೆ. ತೆಲುಗಲ್ಲಿ ಸರಿಹೋದರೆ ಅಡ್ಡಿಯಾದದ್ದು ಕನ್ನಡದ ವಾಕ್ಯ. ಅರ್ಧ ಮಕ್ಕಳಿಗೆ ತೆಲುಗು ಮೊದಲು, ಅರ್ಧ ಮಕ್ಕಳಿಗೆ ಕನ್ನಡ ಮೊದಲು ಇಡಿ, ಇಲ್ಲವಾದರೆ ಎರಡನೆಯದು ಅಭ್ಯಾಸಬಲದಿಂದ ಸರಿಹೋಗುತ್ತೆ. ತೆಲುಗು ಪಠ್ಯವನ್ನ ಪುಸ್ತಕದ ತೆಲುಗಿನಲ್ಲಿ ಬರೆಸಬೇಡಿ, ಆ ಊರಿನವರ ಬಾಯಲ್ಲಿ ಹೇಳಿಸಿ.

ಸಂಖ್ಯಾಪದಗಳಲ್ಲೂ ಒಂದು ಗುಂಡಿ ಇದೆ. ತೆಲುಗಿನ ತೊಮ್ಮಿದಿ ಅಂದರೆ 9, ಕನ್ನಡದ ತೊಂಬತ್ತು 90. ಪ್ರಶ್ನೆ ಓದಿ ಹೇಳುವಾಗ 90ರ ಆಸುಪಾಸಿನ ಅಂಕಿ ಬಿಟ್ಟುಬಿಡಿ, ಅಥವಾ ಬೇಕಂತಲೇ ಇಟ್ಟು ಪ್ರತ್ಯೇಕವಾಗಿ ಎಣಿಸಿ.

ಸಂದರ್ಶನಕ್ಕೆ, ಮಗು ಲೆಕ್ಕದಲ್ಲಿ ಎಲ್ಲಿ ತಪ್ಪಿತು ಅಂತ ಹುಡುಕೋ ನ್ಯೂಮನ್ ವಿಧಾನದ ಐದು ಹಂತ ಸಾಕು: ಇದನ್ನ ಓದು, ಏನು ಕೇಳಿದ್ದಾರೆ, ಹೇಗೆ ಮಾಡ್ತೀಯ, ಮಾಡ್ತಾ ಹೇಳ್ತಾ ಹೋಗು, ಉತ್ತರ ಬರಿ. ಮೊದಲು ತಪ್ಪಿದ ಹಂತವನ್ನೇ ದಾಖಲಿಸಿ. 240 ಮಕ್ಕಳ ಪರೀಕ್ಷೆಯಿಂದ 36 ಮಕ್ಕಳನ್ನ ಆರಿಸಿ ಇದನ್ನ ಮಾಡಿದರೆ ನಿಮ್ಮ ಇಬ್ಬರು ಗೈಡ್‌ಗಳ ಕೆಲಸವೂ ಒಂದಕ್ಕೊಂದು ಕೊಂಡಿಯಾಗುತ್ತೆ. ತಲಾ 15 ನಿಮಿಷ ಅಂದರೆ 9 ಗಂಟೆ ಧ್ವನಿ. ಒಂದು ಗಂಟೆ ಧ್ವನಿಯನ್ನ ಬರಹಕ್ಕಿಳಿಸೋಕೆ ಆರರಿಂದ ಎಂಟು ಗಂಟೆ, ಅಂದರೆ 54ರಿಂದ 72 ಗಂಟೆ. ಬಿಸಿಯೂಟದ ಕೋಣೆ ಪಕ್ಕ ಕೂರಬೇಡಿ, ಕುಕ್ಕರ್ ಸೀಟಿ ಬಿಟ್ಟು ಏನೂ ಕೇಳಲ್ಲ.

ಗಡಿಶಾಲೆ_ಗಣಿತ
ಎಲ್ಲರಿಗೂ ಧನ್ಯವಾದ. 30 ಶಾಲೆ ಲೆಕ್ಕವೇ ಸರಿ ಅನ್ನಿಸ್ತು. ಇಬ್ಬರನ್ನೂ ಒಪ್ಪಿಸೋದು, ಪೇಪರ್ ಎಲ್ಲಿಗೆ ಕಳಿಸೋದು?

ಎರಡನೇ_ಸಹಿ
ಫೀಲ್ಡ್‌ಗೆ ಹೋಗೋ ಮುಂಚೆ ಒಂದು ಹಾಳೆ ಮಾಡಿ. ಪ್ರತಿ ಸಂಶೋಧನಾ ಪ್ರಶ್ನೆಗೆ ಯಾವ ಡೇಟಾ, ಅದು ಸರಿಯೋ ತಪ್ಪೋ ಅಂತ ಹೇಳೋ ಅಧಿಕಾರ ಯಾರದು, ಯಾವ ಅಧ್ಯಾಯಕ್ಕೆ ಹೋಗುತ್ತೆ ಅಂತ. "ತಪ್ಪು" ಅನ್ನೋ ಪದವನ್ನ ಅಲ್ಲೇ ಬಿಡಿಸಿ ಬರೆಯಿರಿ: ಮಗು ನಡುವೆ ತೆಲುಗು ಬೆರೆಸೋದು ನಿಮ್ಮ ಕೋ-ಗೈಡ್‌ಗೆ ಸಹಜ, ಗೈಡ್‌ಗೆ ದೋಷ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮದಂತೆ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿ ಮುಂದೆ ಪ್ರಗತಿ ತೋರಿಸಲೇಬೇಕು. ಆ ಹಾಳೆಯನ್ನ ಅಲ್ಲಿ ಮಂಡಿಸಿ ನಡಾವಳಿಗೆ ಸೇರಿಸಿ. ಫೋನಿನಲ್ಲಿ ಆದ ಒಪ್ಪಂದ ಮುಂದಿನ ಸಭೆಗೆ ಯಾರಿಗೂ ನೆನಪಿರಲ್ಲ. ಲೇಖಕರ ಹೆಸರಿನ ಕ್ರಮವೂ ಅದೇ ಹಾಳೆಯಲ್ಲಿರಲಿ.

ಪೇಪರ್: ಯುಜಿಸಿ ಕೇರ್ ಪಟ್ಟಿ (ಮಾನ್ಯತೆ ಪಡೆದ ಜರ್ನಲ್‌ಗಳ ಪಟ್ಟಿ) 2025ರ ಫೆಬ್ರವರಿಯಲ್ಲಿ ರದ್ದಾಗಿದೆ, "ಕೇರ್ ಲಿಸ್ಟೆಡ್, ಮೂರು ದಿನದಲ್ಲಿ ಪ್ರಕಟಣೆ" ಅಂತ ವಾಟ್ಸ್ಯಾಪ್‌ನಲ್ಲಿ ಬಂದರೆ ಅಳಿಸಿಬಿಡಿ. ಪ್ರಕಟಣೆ ಕಡ್ಡಾಯ ಅನ್ನೋದನ್ನೂ 2022ರ ನಿಯಮ ತೆಗೆದಿದೆ, ಆದರೆ ನಿಮ್ಮ ವಿವಿಯ ಸ್ವಂತ ಷರತ್ತು ಏನಿದೆ ಅಂತ ಪಿಎಚ್‌ಡಿ ಸೆಕ್ಷನ್‌ನಲ್ಲಿ ಕೇಳಿ.

ಮಕ್ಕಳ ಒಪ್ಪಿಗೆ ಬಗ್ಗೆ ಯಾರೂ ಹೇಳಿಲ್ಲ. ಪೋಷಕರ ಸಹಿ ಬೇಕು, ಓದಲಾರದವರಿಗೆ ತೆಲುಗಲ್ಲಿ ಓದಿ ಹೇಳಿ, ಹೆಬ್ಬೆಟ್ಟು ಮತ್ತು ಒಬ್ಬ ಸಾಕ್ಷಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಆರೋಗ್ಯ ಸಂಶೋಧನೆಗೆ ಬರೆದದ್ದಾದರೂ ಇಲ್ಲಿಗೂ ಒಳ್ಳೆ ಅಳತೆ: 7ರಿಂದ 11 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗೆ ಪೋಷಕರ ಎದುರೇ ಪಡೀಬೇಕು. ಹಾಗಾಗಿ ಶಾಲೆಯ ಪೋಷಕರ ಸಭೆ ಯಾವತ್ತು ಅಂತ ಹೆಡ್ ಮಾಸ್ಟರ್‌ನ ಮೊದಲೇ ಕೇಳಿಟ್ಟುಕೊಳ್ಳಿ, ಮೂವತ್ತು ಊರಲ್ಲಿ ಮನೆ ಮನೆ ಸುತ್ತೋದು ತಪ್ಪುತ್ತೆ.