ರಾಯರ ಬೇರಿಂಗು

ನಮ್ಮ ರಾಯರು ಒಂದು ಹಳೇ ಪೋರ್ಷೆ ಬಾಕ್ಸ್‌ಸ್ಟರ್ ಎಸ್ ಕೊಂಡರು. 2002ರ ಮಾಡೆಲ್, 3.2 ಲೀಟರ್ ಇಂಜಿನ್. ಮೊದಲು ಕೊಂಡರು, ಆಮೇಲೆ ಅದರ ಬಗ್ಗೆ ಓದಿದರು. ಓದಿದ ದಿನದಿಂದ ಕಾರು ಶೆಡ್ಡಿನಲ್ಲಿದೆ, ರಾಯರು ನಮ್ಮ ತಲೆ ಮೇಲಿದ್ದಾರೆ.

ಸಂಜೆ ನಾಲ್ಕು ಜನ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಬೇರಿಂಗಿಗೇ ಬಂದು ನಿಲ್ಲುತ್ತದೆ.

"ಇಂಟರ್ಮೀಡಿಯೇಟ್ ಶಾಫ್ಟ್ ಬೇರಿಂಗ್," ಎಂದರು ರಾಯರು ಅವತ್ತೂ. ಸತ್ತವರ ಹೆಸರು ಹೇಳುವ ದನಿ.

"ಮೊದಲು ಇಂಜಿನ್ ತೋರಿಸಿ, ಆಮೇಲೆ ಬೇರಿಂಗ್ ಮಾತಾಡೋಣ," ಎಂದರು ವಕೀಲರು. ಅವರಿಗೆ ಹಳೇ ಸಿಟ್ಟು. ಕಾರು ಬಂದ ದಿನ ಮುಂದಿನ ಬಾನೆಟ್ ಎತ್ತಿಸಿ ನೋಡಿದ್ದರು. ಲಗೇಜ್ ಇಡುವ ಜಾಗ. ಹಿಂದಿನದ್ದು ಎತ್ತಿಸಿದರು. ಅಲ್ಲೂ ಲಗೇಜ್ ಇಡುವ ಜಾಗ, ಜೊತೆಗೆ ಆಯಿಲ್ ಮತ್ತು ಕೂಲಂಟ್ ಹಾಕುವ ಎರಡು ಮುಚ್ಚಳ. ಇಂಜಿನ್ ಸೀಟಿನ ಹಿಂದೆ, ನಡುವೆ ಎಲ್ಲೋ ಅಡಗಿ ಕೂತಿದೆ. ಕಣ್ಣಿಗೇ ಕಾಣದ ಇಂಜಿನ್ನಿನ ಒಳಗಿರುವ, ಇನ್ನೂ ಕಾಣದ ಬೇರಿಂಗಿಗೆ ಇಷ್ಟು ಹೆದರುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ವಿಷಯ ಬಿಡಿಸಿ ಹೇಳಿದ್ದು ಅಣ್ಣ. ನಮ್ಮಲ್ಲಿ ಸ್ಪ್ಯಾನರ್ ಹಿಡಿಯಲು ಬರುವುದು ಅವರೊಬ್ಬರಿಗೇ. ಹಾಗಾಗಿ ವಯಸ್ಸಿನಲ್ಲಿ ಕಿರಿಯರಾದರೂ ಎಲ್ಲರಿಗೂ ಅಣ್ಣ.

"ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟು, ಒಂದು ಚೈನಿನಿಂದ ಈ ಇಂಟರ್ಮೀಡಿಯೇಟ್ ಶಾಫ್ಟನ್ನು ತಿರುಗಿಸುತ್ತದೆ. ಈ ಶಾಫ್ಟು ತನ್ನ ಎರಡು ತುದಿಯಿಂದ ಎರಡು ಕಡೆಯ ಕ್ಯಾಮ್‌ಗಳನ್ನು, ಅಂದರೆ ವಾಲ್ವ್ ತೆರೆಯುವ ಶಾಫ್ಟುಗಳನ್ನು, ಚೈನ್ ಹಾಕಿ ತಿರುಗಿಸುತ್ತದೆ. ಒಂದು ತುದಿಯಲ್ಲಿ ಸಾದಾ ಬುಷ್ ತರಹದ ಬೇರಿಂಗ್, ಅದರ ತಂಟೆ ಇಲ್ಲ. ಇನ್ನೊಂದು ತುದಿಯಲ್ಲಿ, ಕ್ಲಚ್ ಕಡೆ, ಒಂದು ಬಾಲ್ ಬೇರಿಂಗ್. ಒಳಗೆ ಗ್ರೀಸ್ ತುಂಬಿ, ಸೀಲ್ ಹಾಕಿ ಕೂರಿಸಿದ್ದಾರೆ."

"ಇಂಜಿನ್ ಒಳಗೆ ಆಯಿಲ್ ಹಾರಾಡುತ್ತಿರುವಾಗ ಸೀಲ್ ಯಾಕೆ?" ಎಂದು ಕೇಳಿದೆ.

"ಅದೇ ನೋಡಿ. ಹೊಳೆಯಲ್ಲಿ ಕೂತವನಿಗೆ ಕೊಡೆ ಹಿಡಿದ ಹಾಗೆ. ವರ್ಷಗಟ್ಟಲೆ ಬಿಸಿಗೆ ಸೀಲ್ ಗಟ್ಟಿಯಾಗುತ್ತದೆ. ಆಯಿಲ್ ಮೆಲ್ಲಗೆ ಒಳಗೆ ಹೋಗಿ ಗ್ರೀಸ್ ತೊಳೆದುಬಿಡುತ್ತದೆ. ಆಮೇಲೆ ಗ್ರೀಸೂ ಇಲ್ಲ, ಹೊಸ ಆಯಿಲ್ಲೂ ಸರಿಯಾಗಿ ಬರುವುದಿಲ್ಲ. ಬಾಲ್‌ಗಳು ಸವೆಯುತ್ತವೆ. ಶಾಫ್ಟು ಅಲುಗಾಡಿ ಚೈನ್ ಹಲ್ಲು ಹಾರಿದರೆ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಹೊತ್ತು, ತಪ್ಪುತ್ತದೆ. ವಾಲ್ವ್ ಹೋಗಿ ಪಿಸ್ಟನ್‌ಗೆ ಹೊಡೆಯುತ್ತದೆ."

"ಹೊಡೆದರೆ?"

"ಇಂಜಿನ್ ಮುಗಿಯಿತು."

ರಾಯರು ಕಣ್ಣು ಮುಚ್ಚಿಕೊಂಡರು.

ಲೆಕ್ಕದ ಮೇಷ್ಟ್ರಿಗೆ ಇಂಥ ಹೊತ್ತಿನಲ್ಲಿ ಸಂಖ್ಯೆ ಬೇಕು. ಅಣ್ಣ ಕೊಟ್ಟರು. 2000ದ ಆಸುಪಾಸಿನವರೆಗೆ ಎರಡು ಸಾಲು ಬಾಲ್ ಇರುವ ಬೇರಿಂಗ್ ಇತ್ತು, ಅದು ಹೋಗುವುದು ಶೇಕಡ ಒಂದಕ್ಕಿಂತ ಕಡಿಮೆ ಎನ್ನುತ್ತಾರೆ. ಆಮೇಲೆ 2005ರ ಹೊತ್ತಿನವರೆಗೆ ಒಂದೇ ಸಾಲಿನದು. ಅದಕ್ಕೆ ಜಾಸ್ತಿ ಕೇಳಿಬರುವ ಲೆಕ್ಕ ಶೇಕಡ 8ರ ಆಸುಪಾಸು. ನಡುವಿನ ಒಂದೆರಡು ವರ್ಷದ ಕಾರುಗಳಲ್ಲಿ ಯಾವುದಿದೆ ಅಂತ ಬಿಚ್ಚಿ ನೋಡಿದ ಮೇಲೇ ಗೊತ್ತಾಗುವುದು.

"ಹಾಗಾದರೆ 100ರಲ್ಲಿ 92 ಕಾರು ಚೆನ್ನಾಗಿರುತ್ತವೆ," ಎಂದರು ಮೇಷ್ಟ್ರು. "ನನ್ನ ಕ್ಲಾಸಿನಲ್ಲಿ 92 ಜನ ಪಾಸಾದರೆ ಸಿಹಿ ಹಂಚುತ್ತಿದ್ದೆ."

"ನಾನು ಆ ಎಂಟರಲ್ಲಿ ಇದ್ದೇನೆ ಮೇಷ್ಟ್ರೇ. ಯಾವ ಕ್ಲಾಸಿನಲ್ಲೂ ನಾನು ಆ ಎಂಟರಲ್ಲೇ ಇದ್ದದ್ದು."

"2006ರಿಂದ 2008ರವರೆಗೆ ದೊಡ್ಡ ಬೇರಿಂಗ್ ಹಾಕಿದರು," ಅಣ್ಣ ಮುಂದುವರಿಸಿದರು. "ಅದು ಅಷ್ಟಾಗಿ ಹೋಗುವುದಿಲ್ಲ. ಆದರೆ ಇಂಜಿನ್ ಎರಡು ಹೋಳು ಮಾಡದೆ ಅದನ್ನು ಹೊರಗೆ ತೆಗೆಯಲು ಆಗುವುದಿಲ್ಲ."

ಮೇಷ್ಟ್ರು ಯೋಚಿಸಿದರು. "ಅಂದರೆ, ಹೋಗುವುದನ್ನು ಬದಲಾಯಿಸಬಹುದು. ಬದಲಾಯಿಸಲಾಗದ್ದು ಹೋಗುವುದಿಲ್ಲ. ಇದರಲ್ಲಿ ಚಿಂತೆ ಎಲ್ಲಿ ಬಂತು?"

ಚಿಂತೆ ಎಲ್ಲಿಂದ ಬಂತೋ, ರಾಯರಲ್ಲಿ ಅದಕ್ಕೆ ಬರವಿಲ್ಲ. ಅದೇ ಕಾಲದ ಪೋರ್ಷೆಯದೇ 911 ಟರ್ಬೊ, ಜಿಟಿ3 ಕಾರುಗಳಿಗೆ ಬೇರೆ ಇಂಜಿನ್, ಅದರಲ್ಲಿ ಆ ಶಾಫ್ಟಿಗೆ ಒತ್ತಡದಲ್ಲಿ ಆಯಿಲ್ ಬರುವ ಸಾದಾ ಬೇರಿಂಗ್, ಈ ರೋಗವೇ ಇಲ್ಲ ಎಂದು ತಿಳಿದು ಒಂದು ವಾರ ಮಂಕಾಗಿದ್ದರು. 2009ರ ಮಾಡೆಲಿನಿಂದ ಬಂದ ಹೊಸ ಇಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ ಎಂದು ತಿಳಿದಾಗ ಇನ್ನೊಂದು ವಾರ.

ವಕೀಲರು ಕಾನೂನು ಹುಡುಕಿ ತಂದಿದ್ದರು. "ಅಮೆರಿಕದಲ್ಲಿ ಇದರ ಮೇಲೆ ಕೇಸ್ ಆಗಿದೆ. 2013ರಲ್ಲಿ ರಾಜಿ ಆಯಿತು. 2001ರಿಂದ 2005ರ ಮಾಡೆಲ್‌ಗಳು."

ರಾಯರ ಮುಖ ಅರಳಿತು. "ನನ್ನದು 2002!"

"ಕಾರು ಮೊದಲು ಮಾರಾಟವಾಗಿ ಹತ್ತು ವರ್ಷದೊಳಗೆ ಇಂಜಿನ್ ಹೋಗಿರಬೇಕಿತ್ತು. ನಿಮ್ಮದು ಹೋಗಲಿಲ್ಲ."

"ಛೇ," ಎಂದರು ರಾಯರು. ಇಂಜಿನ್ ಕೆಡಲಿಲ್ಲ ಅಂತ ಛೇ ಎಂದ ಮೊದಲ ಮನುಷ್ಯ ಇವರೇ ಇರಬೇಕು.

ಆಮೇಲೆ ಅಣ್ಣ ಒಂದು ಪರೀಕ್ಷೆ ಹೇಳಿಕೊಟ್ಟರು. ಆಯಿಲ್ ಬದಲಿಸಿದಾಗ ಫಿಲ್ಟರ್ ಬಿಸಾಡಬೇಡಿ, ಕಾಗದದ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ಹೊಳೆಯುವ ಚೂರು ಕಂಡರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಉಕ್ಕು, ಆಗ ಹೆದರಿ. ಇದನ್ನು ಹೇಳಿದ್ದೇ ತಪ್ಪಾಯಿತು. ರಾಯರು ಭೂತಗನ್ನಡಿ ಕೊಂಡರು. ರಾತ್ರಿ ಹನ್ನೊಂದಕ್ಕೆ ಅಣ್ಣನಿಗೆ ಫೋನ್. "ಕಂದು ಬಣ್ಣದ ಚೂರು ಸಿಕ್ಕಿದೆ, ಮ್ಯಾಗ್ನೆಟ್‌ಗೆ ಅಂಟುತ್ತಿಲ್ಲ!"

"ಚೈನ್ ಜಾರುವ ಪಟ್ಟಿಯ ಪ್ಲಾಸ್ಟಿಕ್ ಇರಬೇಕು. ಈ ಇಂಜಿನ್‌ಗಳಲ್ಲಿ ಸ್ವಲ್ಪ ಬರುತ್ತದೆ. ಮಲಗಿ ರಾಯರೇ."

"ಚೈನಿಗೂ ಪಟ್ಟಿ ಇದೆಯಾ?" ಎಂದು ರಾಯರು ಎದ್ದು ಕೂತರಂತೆ.

ಅಣ್ಣನಿಗೆ ಸಾಕಾಯಿತು. ಮರುದಿನ ಎಲ್ಲರ ಎದುರೇ ಗದರಿದರು.

"ನೋಡಿ ರಾಯರೇ, ಈ ಕಾರಿಗೆ ನೀವು ಮಾಡುತ್ತಿರುವುದೇ ಕೆಟ್ಟದ್ದು. ನಿಲ್ಲಿಸಿ ಇಡುತ್ತೀರಿ. ತೆಗೆದರೆ ಮುದುಕರ ಹಾಗೆ ಕಡಿಮೆ ಆರ್‌ಪಿಎಂನಲ್ಲಿ ಗೇಟಿನವರೆಗೆ ಹೋಗಿ ಬರುತ್ತೀರಿ. ಇಂಜಿನ್ ಬಿಸಿಯಾಗುವ ಮೊದಲೇ ಆಫ್. ಒಳಗೆ ನೀರಿನಂಶ ಹಾಗೇ ಉಳಿಯುತ್ತದೆ. ಈ ಇಂಜಿನ್ ಬಿಚ್ಚಿದವರನ್ನು ಕೇಳಿ. ದಿನಾ ಓಡಿಸಿ, ಬೇಗ ಬೇಗ ಆಯಿಲ್ ಬದಲಿಸಿದ ಕಾರುಗಳೇ ಚೆನ್ನಾಗಿವೆ. ಕಡಿಮೆ ಓಡಿದ ಕಾರು ಅಂತ ನೀವು ಹೆಮ್ಮೆಪಟ್ಟು ಕೊಂಡಿರಲ್ಲ, ಅದೇ ಯೋಚಿಸಬೇಕಾದ ವಿಷಯ."

"ಬೇರಿಂಗನ್ನೇ ಬದಲಿಸಿಬಿಡಿ, ಮುಗೀತಲ್ವಾ?" ಎಂದೆ.

"ಬದಲಿಸಬಹುದು. ಸೆರಾಮಿಕ್ ಬಾಲ್ ಇರುವುದು ಸಿಗುತ್ತದೆ. ಆಯಿಲ್ ಲೈನ್ ಎಳೆದು ಹಾಕುವ ಸಾದಾ ಬೇರಿಂಗೂ ಸಿಗುತ್ತದೆ. ಫಿಲ್ಟರಿನಲ್ಲಿ ಉಕ್ಕಿನ ಚೂರಿಲ್ಲದಿದ್ದರೆ ಮಾತ್ರ. ಚೂರು ಆಗಲೇ ಓಡಾಡುತ್ತಿದ್ದರೆ ಹೊಸದು ಹಾಕಿಯೂ ಪ್ರಯೋಜನವಿಲ್ಲ. ನಿಮ್ಮದು ಸ್ವಚ್ಛವಾಗಿದೆ. ಆದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ತೆಗೆಯಬೇಕು, ಫ್ಲೈವೀಲ್ ತೆಗೆಯಬೇಕು. ಆಮೇಲೆ ಅದರ ಮುಖ ಕಾಣುತ್ತದೆ. ಕೂಲಿಯೇ ಜಾಸ್ತಿ. ಅದಕ್ಕೇ ಎಲ್ಲರೂ ಕ್ಲಚ್ ಹೋದಾಗ ಇದನ್ನೂ ಮಾಡಿಸುತ್ತಾರೆ. ಪಕ್ಕದ ಕ್ರ್ಯಾಂಕ್ ಸೀಲನ್ನೂ ಆಗಲೇ ಹೊಸದು ಹಾಕಿಬಿಡಬಹುದು."

ಅವತ್ತಿನಿಂದ ರಾಯರ ಪ್ರಾರ್ಥನೆ ಬದಲಾಯಿತು. ಬೇರಿಂಗ್ ಉಳಿಯಲಿ ಎಂಬುದು ಹೋಗಿ, ಕ್ಲಚ್ ಹೋಗಲಿ ಎಂಬುದು ಬಂತು. ಸಿಕ್ಕವರಿಗೆಲ್ಲ ಪೆಡಲ್ ಒತ್ತಿಸಿ, "ಸ್ವಲ್ಪ ಜಾರಿದ ಹಾಗೆ ಅನ್ನಿಸಲಿಲ್ವಾ?" ಎಂದು ಆಸೆಯಿಂದ ಕೇಳುತ್ತಿದ್ದರು. ನನಗೂ ಒತ್ತಿಸಿದರು. ಪಾಪ, ಹೌದು ಅನ್ನಬೇಕಿತ್ತು.

ಕೊನೆಗೆ ಅಣ್ಣ ಕಾರು ತೆಗೆದುಕೊಂಡು ಹೋದರು. ಇಂಜಿನ್ ಚೆನ್ನಾಗಿ ಬಿಸಿ ಮಾಡಿದರು, ಏರಿನಲ್ಲಿ ಮೇಲಿನ ಗೇರಿಗೆ ಹಾಕಿ ಒಮ್ಮೆಲೇ ಒತ್ತಿ ನೋಡಿದರು, ಬಂದು ಕೀ ಕೊಟ್ಟರು.

"ಕ್ಲಚ್ ಗಟ್ಟಿಯಾಗಿದೆ. ನೀವು ಓಡಿಸುವ ಲೆಕ್ಕದಲ್ಲಿ ನಿಮ್ಮ ಮೊಮ್ಮಕ್ಕಳಿಗೂ ಬರುತ್ತದೆ."

ರಾಯರು ಕೂತ ಕಡೆಯೇ ಕುಗ್ಗಿದರು. ಯಾರಿಗೂ ಏನು ಹೇಳಬೇಕು ಅಂತ ತೋಚಲಿಲ್ಲ. ವಕೀಲರು ಗಂಟಲು ಸರಿಮಾಡಿಕೊಂಡರು.

"ನಮ್ಮ ಮಗ ಡ್ರೈವಿಂಗ್ ಕಲಿಯಬೇಕು ಅಂತಿದ್ದಾನೆ. ಮೊದಲ ಗೇರಿನಲ್ಲೇ ಅರ್ಧ ಕ್ಲಚ್ ಒತ್ತಿಕೊಂಡು ಇಡೀ ರಸ್ತೆ ದಾಟುತ್ತಾನೆ. ನನ್ನ ಕಾರನ್ನು ಆಗಲೇ ಮುಗಿಸಿದ್ದಾನೆ."

ರಾಯರು ತಲೆ ಎತ್ತಿದರು. "ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಕಳಿಸುತ್ತೀರಿ?"